ಯುಗಾದಿಗೆ ಬರಬೇಕಿದ್ದ ಹಲ್ಲು

ನಮ್ಮ ಅಪ್ಪನಿಗೆ ಮೋಸ ಹೋಗುವುದೆಂದರೆ ಆಗುತ್ತಿರಲಿಲ್ಲ. ಯಾರಿಗೆ ತಾನೇ ಆಗುತ್ತದೆ ಅನ್ನಬೇಡಿ. ಬೇರೆಯವರು ನಾಲ್ಕು ದಿನ ಕೊರಗಿ ಸುಮ್ಮನಾಗುತ್ತಾರೆ. ಅಪ್ಪ ಕೊಂಡ ವಸ್ತುವನ್ನು ವಾಪಸ್ ಮಾಡಿಯೇ ನೀರು ಕುಡಿಯುತ್ತಿದ್ದರು. ಒಂದು ಮಳೆಗಾಲ ಪೂರ್ತಿ ಹಿಡಿದ ಕೊಡೆಯನ್ನು, ಕಡ್ಡಿ ಕಿರುಗುಟ್ಟುತ್ತದೆ ಎಂದು ಅಂಗಡಿಗೆ ಹಿಂತಿರುಗಿಸಿದವರು ಅವರು. ಹೀಗೇ ರೇಡಿಯೋ ಹೋಯಿತು, ಇಸ್ತ್ರಿಪೆಟ್ಟಿಗೆ ಹೋಯಿತು. ಅಮ್ಮನಿಗೆ ಯಾವುದು ಇಷ್ಟವಾಗುತ್ತಿತ್ತೋ ಅದೇ ಮೊದಲು ಹೋಗುತ್ತಿತ್ತು.

ಅಮ್ಮ ಊರ್ಡಿಗೆರೆಯವಳು, ದನಕರುಗಳ ನಡುವೆ ಬೆಳೆದವಳು. ಮದುವೆಯಾಗಿ ತುಮಕೂರಿಗೆ ಬಂದಾಗಿನಿಂದ ಅವಳದು ಒಂದೇ ಆಸೆ, ಹಿತ್ತಲಲ್ಲಿ ಒಂದು ಹಸು ಕಟ್ಟಬೇಕು. ಬಾಟಲಿ ಹಾಲಿನ ಕಾಫಿಯನ್ನು ಅವಳು ಔಷಧಿ ಕುಡಿದ ಹಾಗೆ ಕುಡಿಯುತ್ತಿದ್ದಳು. ಅಪ್ಪ ಆಫೀಸು, ಸಂಜೆಯ ಇಸ್ಪೀಟು ಇಷ್ಟರಲ್ಲೇ ವರ್ಷಗಳನ್ನು ತಳ್ಳಿ, ಎಪ್ಪತ್ತರ ದಶಕದ ಕೊನೆಯ ಒಂದು ದಸರಾ ರಜೆಯಲ್ಲಿ ಅದೇನನ್ನಿಸಿತೋ, ಹಸು ತರಲು ಗುಬ್ಬಿ ಸಂತೆಗೆ ಹೊರಟೇಬಿಟ್ಟರು. ಹೈಸ್ಕೂಲಿನಲ್ಲಿದ್ದ ನನ್ನನ್ನೂ ಕರೆದುಕೊಂಡರು. ಅವರ ಜಾಣತನಕ್ಕೆ ಒಬ್ಬ ಸಾಕ್ಷಿ ಬೇಕಿತ್ತಲ್ಲ.

ಹೊರಡುವಾಗ ಅಮ್ಮ ಹೇಳಿದ್ದು ಒಂದೇ ಮಾತು, ಹಲ್ಲು ನೋಡಿ ತಗೊಳ್ಳಿ ಎಂದು. ಅಪ್ಪನಿಗೆ ಅಷ್ಟಕ್ಕೇ ಸಿಟ್ಟು ಬಂತು. ತಮ್ಮದು ಕುಣಿಗಲ್ ಕಡೆಯ ರೈತರ ಮನೆತನ, ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದರು. ಅವರು ಹುಟ್ಟಿದ್ದು, ಓದಿದ್ದು ಎಲ್ಲ ತುಮಕೂರಿನಲ್ಲೇ. ಕುಣಿಗಲ್ಲಿಗೆ ಹೋಗುತ್ತಿದ್ದದ್ದು ಯಾರಾದರೂ ಸತ್ತರೆ ಅಥವಾ ಯಾರದಾದರೂ ಮದುವೆಯಾದರೆ ಮಾತ್ರ.

ಸಂತೆಯಲ್ಲಿ ಮೊದಲ ಹಸುವಿನ ತುಟಿ ಎತ್ತಿ ನೋಡಿದವರೇ ಅಪ್ಪ ಹಿಂದೆ ಸರಿದರು. ಕೆಳಗೆ ಸಾಲಾಗಿ ಹಲ್ಲುಗಳಿದ್ದವು, ಮೇಲೆ ಬರೀ ವಸಡು. ಮುದಿ ಹಸು ಎಂದು ನನ್ನ ಕಿವಿಯಲ್ಲಿ ಹೇಳಿ ಮುಂದಿನದಕ್ಕೆ ಹೋದರು. ಅದಕ್ಕೂ ಮೇಲೆ ಹಲ್ಲಿಲ್ಲ, ಅದರಾಚೆಯದಕ್ಕೂ ಇಲ್ಲ. ದನಗಳಿಗೆ ಮೇಲ್ಗಡೆ ಮುಂದಿನ ಹಲ್ಲು ಹುಟ್ಟುವುದೇ ಇಲ್ಲವೆಂಬುದು ಸಂತೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನಮ್ಮಿಬ್ಬರನ್ನು ಬಿಟ್ಟು. ಗುಬ್ಬಿ ತಾಲ್ಲೂಕಿನವರೆಲ್ಲ ಸೇರಿ ಹಲ್ಲುದುರಿದ ದನಗಳನ್ನು ತುಮಕೂರಿನವರ ತಲೆಗೆ ಕಟ್ಟಲು ನಿಂತಿದ್ದಾರೆ ಎಂದು ಅಪ್ಪ ತೀರ್ಮಾನಿಸಿದರು.

ಹಾಗಲವಾಡಿಯ ಯಜಮಾನನೊಬ್ಬ ಬೀಡಿ ಸೇದುತ್ತಾ ಇದನ್ನೆಲ್ಲ ನೋಡುತ್ತಿದ್ದ. ಅವನ ಪಕ್ಕದಲ್ಲಿ ಒಂದು ಕೆಂದನೆಯ ಕಡಸು, ಅಂದರೆ ಇನ್ನೂ ಕರು ಹಾಕದ ಎಳೆಯ ಹಸು. ಎಷ್ಟು ಸಲ ಹೋರಿಗೆ ಬಿಟ್ಟರೂ ಗಬ್ಬ ನಿಲ್ಲಲಿಲ್ಲ ಎಂದು ಬೇಸತ್ತು ಮಾರಲು ತಂದಿದ್ದನಂತೆ. ಅಪ್ಪ ಅದರ ಬಾಯಿ ನೋಡಿ ತಲೆಯಾಡಿಸಿದ ಕೂಡಲೇ ಅವನು ಬೀಡಿ ಕೆಳಗೆ ಹಾಕಿದ.

“ಇದ್ರ ಮೇಲಿನವು ಉದ್ರಿಲ್ಲ ಸ್ವಾಮಿ, ಇನ್ನೂ ಬಂದಿಲ್ಲ. ಎಳೇದು ನೋಡಿ. ಯುಗಾದಿ ಹೊತ್ಗೆ ಬತ್ತವೆ.”

ಬರದಿದ್ದರೆ ಏನು ಮಾಡುತ್ತೀಯ ಎಂದು ಅಪ್ಪ ಕೇಳಿದರು. ತಾನೇ ತುಮಕೂರಿಗೆ ಬಂದು, ದುಡ್ಡು ವಾಪಸ್ ಕೊಟ್ಟು ಕಡಸನ್ನು ಹೊಡೆದುಕೊಂಡು ಹೋಗುವುದಾಗಿ ಅವನು ಬಸವಣ್ಣನ ಮೇಲೆ ಆಣೆ ಇಟ್ಟ. ವಾಪಸ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಪ್ಪನನ್ನು ಹಿಡಿಯುವವರು ಯಾರು? ಅಲ್ಲೇ ವ್ಯಾಪಾರ ಮುಗಿದು, ಕಡಸು ತೆಂಗಿನಕಾಯಿ ಲಾರಿಯಲ್ಲಿ ತುಮಕೂರಿಗೆ ಬಂತು.

ಅಮ್ಮ ಆರತಿ ಎತ್ತಿ ಅದರ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಕೈ ಒಂದು ಕಡೆ ನಿಂತಿತು, ಮುಖ ಅರಳಿತು. ಯಜಮಾನ ಬರಡೆಂದುಕೊಂಡು ಮಾರಿದ್ದ ಕಡಸು ಗಬ್ಬವಾಗಿತ್ತು. ಅಷ್ಟರಲ್ಲಿ ಅಪ್ಪ ಎದೆಯುಬ್ಬಿಸಿ ಹಲ್ಲಿನ ಷರತ್ತನ್ನು ವಿವರಿಸಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿ, ಒರಳುಕಲ್ಲಿನ ಪಕ್ಕ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹಿಂದೆಯೇ ಹೋದ ನನಗೆ ನಿಜ ಹೇಳಿದಳು. ನಾನು ಅಪ್ಪನಿಗೆ ಹೇಳಲು ಎದ್ದರೆ ಜಡೆ ಹಿಡಿದು ಕೂರಿಸಿದಳು.

“ಬಾಯ್ ಮುಚ್ಕೊಂಡಿರು. ಮೋಸ ಹೋದೆ ಅಂತ ಗೊತ್ತಾದ್ರೆ ನಿಮ್ಮಪ್ಪ ನಾಳೇನೇ ವಾಪಸ್ ಹೊಡ್ಕೊಂಡು ಹೋಗ್ತಾರೆ. ಯುಗಾದಿಗೆ ಇನ್ನೂ ಟೈಮ್ ಇದೆ, ಆಮೇಲೆ ನೋಡ್ಕೊಳ್ಳೋಣ.”

ಅಂದಿನಿಂದ ಬೆಳಗಾದರೆ ಅಪ್ಪ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಇಡೀ ಬೀದಿಗೆ ಸುದ್ದಿ ಹಬ್ಬಿತು. ನಮ್ಮದು ಗುಮಾಸ್ತರು, ಮೇಷ್ಟ್ರುಗಳಿದ್ದ ಬೀದಿ. ಹಾಲು ಎಲ್ಲರಿಗೂ ಗೊತ್ತು, ಹಸುವಿನ ಬಾಯಿ ಯಾರಿಗೂ ಗೊತ್ತಿಲ್ಲ. ಎದುರುಮನೆಯ ಕಾಮರ್ಸ್ ಲೆಕ್ಚರರ್ ಬಗ್ಗಿ ನೋಡಿ, ತಮ್ಮ ಮಗುವಿಗೂ ಮೊದಲು ಕೆಳಗಿನ ಹಲ್ಲೇ ಬಂದದ್ದು, ಗಾಬರಿಯಾಗಬೇಡಿ ಎಂದು ಧೈರ್ಯ ಹೇಳಿದರು. ಮೇಲಿನವು ಮೊದಲು ಬಂದಿದ್ದರೆ ಸೋದರಮಾವನಿಗೆ ಆಗುತ್ತಿರಲಿಲ್ಲ ಎಂದು ಅವರ ಹೆಂಡತಿ ಸೇರಿಸಿದರು. ಕಡಸಿನ ಸೋದರಮಾವ ಹಾಗಲವಾಡಿಯಲ್ಲಿ ಕ್ಷೇಮವಾಗಿರಬೇಕು ಎಂದು ನಾನು ಅಂದುಕೊಂಡೆ. ಅಪ್ಪ ವಸಡಿಗೆ ಜೇನುತುಪ್ಪ ಸವರಿದರು. ಕಡಸಿಗೆ ಅದು ಬಹಳ ರುಚಿಸಿ, ಅಪ್ಪನನ್ನು ಕಂಡರೆ ತಾನಾಗಿಯೇ ಬಾಯಿ ಚಾಚತೊಡಗಿತು. ಇಸ್ಪೀಟಿಗೆ ಹೋಗುತ್ತಿದ್ದ ಮನುಷ್ಯ ಸಂಜೆ ಸೈಕಲ್ಲಿನ ಹಿಂದೆ ಹಸಿಹುಲ್ಲು ಕಟ್ಟಿಕೊಂಡು ಬರುತ್ತಿದ್ದರು. ಅದನ್ನು ನೋಡುವಾಗ ಅಮ್ಮನಿಗೆ ಆಗುತ್ತಿದ್ದ ಸಂತೋಷ ನನಗೂ ಆಗುತ್ತಿತ್ತು.

ಸಂಕ್ರಾಂತಿಯಾದ ಮೇಲೆ ಅಪ್ಪ ಒಂದು ಮದುವೆಗೆಂದು ಕುಣಿಗಲ್ಲಿಗೆ ಹೋಗಿ, ದನ ಕಟ್ಟಿದ್ದ ನೆಂಟರ ಮನೆಯಲ್ಲಿ ಉಳಿದು ಬಂದರು. ಬಂದವರು ಯಾಕೋ ಮಂಕಾಗಿದ್ದರು. ಮಾರನೆಯ ಬೆಳಗ್ಗೆ ಎಂದಿನಂತೆ ಟಾರ್ಚ್ ಬಿಟ್ಟು ನೋಡಿ, “ಇನ್ನೂ ಇಲ್ಲ ಕಣೇ” ಎಂದು ಅಮ್ಮನಿಗೆ ಹೇಳಿದರು.

ಶಿವರಾತ್ರಿ ಕಳೆದ ಮೇಲೆ ಕಡಸು ಹೆಣ್ಣುಗರು ಹಾಕಿತು. ತುಂಬಿದ ಕೆಚ್ಚಲು, ಎರಡು ಹೊತ್ತೂ ಗಟ್ಟಿ ಹಾಲು. ಅಮ್ಮ ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತರೆ ಅವಳನ್ನು ಎಬ್ಬಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಆದರೆ ಯುಗಾದಿ ಹತ್ತಿರ ಬರುತ್ತಿತ್ತು.

ಹಬ್ಬದ ಮಾರನೆಯ ದಿನವೇ ಹಾಗಲವಾಡಿಯ ಯಜಮಾನ ಹೊಸ ಹಗ್ಗ ಹಿಡಿದು ಬಾಗಿಲಲ್ಲಿ ನಿಂತ. ಕಾಯಿ ಲಾರಿಯ ಡ್ರೈವರ್ ಅವನಿಗೆ ಕರುವಿನ ಸುದ್ದಿ ಮುಟ್ಟಿಸಿದ್ದ. ಬರಡೆಂದು ಮಾರಿದ್ದು ಈಗ ಕರು ಸಮೇತ ಹಳೆಯ ಬೆಲೆಗೆ ಸಿಗುವುದಾದರೆ ಯಾರು ಬಿಡುತ್ತಾರೆ? ಜಗಲಿಯ ಮೇಲೆ ಕೂತು, ಆ ಹಸುವಿನ ಹಾಲಿನದೇ ಕಾಫಿ ಕುಡಿದು, ಮುಖ ಸಣ್ಣಗೆ ಮಾಡಿಕೊಂಡು ಸೊಂಟದಿಂದ ದುಡ್ಡು ತೆಗೆದ.

“ಹಲ್ಲು ಬಂದಿರಾಕಿಲ್ಲ ಸ್ವಾಮಿ. ನಾನು ಆಡಿದ್ ಮಾತ್ಗೆ ತಪ್ಪೋನಲ್ಲ.”

ಅಪ್ಪ ದುಡ್ಡನ್ನು ನೋಡಿದರು, ಹಗ್ಗವನ್ನು ನೋಡಿದರು. ಕೊಡೆ ಹೋದ ಹಾಗೆ ಹಸುವೂ ಹೋಯಿತು ಎಂದುಕೊಂಡೆ. ನನಗೆ ಅಳು ಬಂತು. ಆಗ ಅಮ್ಮ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು.

“ಬಂದಿದಾವೆ. ಮೊನ್ನೆ ಹುಲ್ಲು ಹಾಕೋವಾಗ ನಾನೇ ನೋಡ್ದೆ.”

ಯಜಮಾನನ ಬಾಯಿ ತೆರೆದೇ ಉಳಿಯಿತು. ದನಗಳ ಜೊತೆಯಲ್ಲೇ ಮುದುಕನಾದ ಮನುಷ್ಯ. “ಅವ್ವಾ, ಎಲ್ಲಾದ್ರೂ ದನಕ್ಕೆ ಮೇಲಿನ...” ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದ. ಹುಟ್ಟುವುದಿಲ್ಲ ಎಂದರೆ, ಯುಗಾದಿಗೆ ಬರುತ್ತವೆ ಎಂದು ಹೇಳಿ ಮಾರಿದವನು ಅವನೇ.

ಅಪ್ಪ ಟಾರ್ಚ್ ತೆಗೆದುಕೊಂಡು ಹಿತ್ತಲಿಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಅಮ್ಮ ನೆಲ ನೋಡುತ್ತಿದ್ದಳು. ಹಸು ಜೇನುತುಪ್ಪದ ಆಸೆಗೆ ಬಾಯಿ ಚಾಚಿತು. ಅಪ್ಪ ತುಟಿ ಎತ್ತಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

“ಬಂದಿವೆ. ನೀವು ಹೇಳಿದ ಹಾಗೇ ಆಯ್ತು, ಯಜಮಾನ್ರೇ.”

ಯಜಮಾನ ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡಿ, ದುಡ್ಡನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋಗುವಾಗ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು ಹೋದ. ಅಪ್ಪನಿಗೆ ನಿಜ ಗೊತ್ತಾಗಿದ್ದು ಕುಣಿಗಲ್ಲಿನಲ್ಲೇ ಇರಬೇಕು ಎಂದು ನಾನು ಲೆಕ್ಕ ಹಾಕಿದ್ದು ಎಷ್ಟೋ ವರ್ಷಗಳ ಮೇಲೆ. ಮೋಸ ಹೋದದ್ದು ಗೊತ್ತಿದ್ದೂ ಅವರು ವಾಪಸ್ ಮಾಡದೆ ಇಟ್ಟುಕೊಂಡದ್ದು ಅದೊಂದನ್ನೇ.

ಅದೇ ಸಂಜೆ ಲೆಕ್ಚರರ್ ಹೆಂಡತಿಯೊಡನೆ ಓಡಿ ಬಂದರು. ಮೇಲಿನ ಹಲ್ಲು ಬಂದವಂತೆ, ಒಂದು ಸಲ ನೋಡಬೇಕಲ್ಲ ಎಂದರು. ಅಪ್ಪ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

“ಬೇಡಿ ಸಾರ್. ದೃಷ್ಟಿಯಾಗುತ್ತೆ.”

ಅಡುಗೆಮನೆಯಲ್ಲಿ ಅಮ್ಮ ಜೋರಾಗಿ ನಕ್ಕಳು. ಅದು ಅಪ್ಪನಿಗೂ ಕೇಳಿಸಿತು.