ಫ್ರಿಜ್ಜಿನ ಬಾಡಿಗೆ

ಕಳೆದ ಮಂಗಳವಾರ ನನ್ನ ಭಾವ ಒಂದು ಲೋಟ ಶರಬತ್ತು ಕುಡಿಯದೇ ಇದ್ದದ್ದರಿಂದ ಸಾಯುವ ಹಾಗಾದರು. ಆಮೇಲೆ ಅದೇ ಶರಬತ್ತು ಕುಡಿದು ಬದುಕಿದರು. ಭಾವನಿಗೆ ಇರುವುದು ಸಕ್ಕರೆ ಕಾಯಿಲೆ.

ನಾನು ಪಕ್ಕದಲ್ಲೇ ಇದ್ದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. (ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು ಹೊಂದಿಸಿಕೊಳ್ಳಬೇಕು.)

ಮೊದಲು ಈ ಕಾಯಿಲೆಯ ಖರ್ಚಿನ ವಿಷಯ. ಭಾವನ ಮನೆ ಕುಂದಾಪುರದಲ್ಲಿ, ಗದ್ದೆ ವಂಡ್ಸೆಯಲ್ಲಿ. ವರ್ಷಕ್ಕಾಗುವಷ್ಟು ಅಕ್ಕಿ ಅಲ್ಲಿಂದಲೇ ಬರುತ್ತದೆ. ಡಾಕ್ಟರು, ಅನ್ನ ಬಿಡಿ, ಗೋಧಿ ತಿನ್ನಿ ಎಂದರು. ಮನೆಯಲ್ಲಿ ಇದ್ದದ್ದನ್ನು ಬಿಟ್ಟು ಊರಲ್ಲಿ ಬೆಳೆಯದ್ದನ್ನು ಕೊಂಡು ತಿನ್ನಬೇಕು. ಇನ್ಸುಲಿನ್ನಿಗಂತೂ ಹೋದಾಗಲೆಲ್ಲ ಹೊಸ ಕ್ರಯ. ಸಿರಿಂಜು, ಸೂಜಿ, ಹತ್ತಿ ಬೇರೆ. ಬೆಳಿಗ್ಗೆ ಮೂತ್ರ ಪರೀಕ್ಷೆಗೆ ಗಾಜಿನ ನಳಿಗೆ, ನೀಲಿ ದ್ರಾವಣ, ಸ್ಪಿರಿಟ್ ದೀಪ. ಕಾಯಿಸಿದ ಮೇಲೂ ನೀಲಿಯಾಗೇ ಉಳಿದರೆ ಕ್ಷೇಮ. ಹಸಿರು, ಹಳದಿ ಆದರೆ ಚಿಂತೆ. ಇಟ್ಟಿಗೆಯ ಕೆಂಪಾದರೆ ಅಕ್ಕ ಮಾತು ಬಿಡುತ್ತಾಳೆ.

ಇಷ್ಟೂ ಸಾಲದೆಂದು, ಇನ್ಸುಲಿನ್ ತಂಪಿನಲ್ಲಿ ಇರಬೇಕು. ಫ್ರಿಜ್ ಯಾರ ಮನೆಯಲ್ಲಿದೆ ಹೇಳಿ? ಭಾವನಿಗೆ ಗೊತ್ತಿದ್ದದ್ದು ಒಂದೇ ಒಂದು. ಬಸ್‌ಸ್ಟ್ಯಾಂಡಿನ ಎದುರು ಶರಬತ್ತು, ಸೋಡಾ ಮಾರುವ ಮಂಜಣ್ಣನ ಅಂಗಡಿಯದ್ದು.

"ಇಡಿ ಶೆಟ್ರೆ, ಕಿರಿಬೆರ್ಳಿನಷ್ಟ್ ಬಾಟ್ಲಿ. ಅದ್ಕೆಂತ ಕೇಂಬುದ್?" ಎಂದನಂತೆ ಮಂಜಣ್ಣ. ಬಾಡಿಗೆಯ ಮಾತೇ ಇಲ್ಲ.

ಕಷ್ಟ ಶುರುವಾದದ್ದು ಅಲ್ಲಿಂದ. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಚುಚ್ಚಿಕೊಂಡು, ಬಾಟ್ಲಿ ವಾಪಸ್ ಇಟ್ಟು, ಸುಮ್ಮನೆ ಎದ್ದು ಬರಲಾದೀತೇ?

ಎರಡು ತಿಂಗಳಲ್ಲಿ ಡಾಕ್ಟರು ಮೂರು ಸಲ ಡೋಸ್ ಏರಿಸಿದರು. ನಳಿಗೆ ಮಾತ್ರ ದಿನವೂ ಕೆಂಪು. ಅಕ್ಕನಿಗೆ ಅನುಮಾನ ಬಂತು.

"ಗೋಧಿ ತಿಂದ್ಕಂಡೂ ಕೆಂಪ್ ಬತ್ತ್ ಅಂದ್ರೆ ಎಂತ? ನೀ ಒಂದ್ ದಿನ ಹಿಂದ್ ಹೋಯಿ ಕಂಡ್ಕಂಡ್ ಬಾ" ಎಂದಳು ನನಗೆ.

ಹೋದೆ. ನಿಂತಿದ್ದ ಒಂದು ಬಸ್ಸಿನ ಮರೆಯಿಂದ ನೋಡಿದೆ. ಭಾವ ಇಂಜೆಕ್ಷನ್ ತೆಗೆದುಕೊಂಡರು. ಮುಂದಿನ ಬೆಂಚಿಗೆ ಬಂದರು. ಉದ್ದ ಲೋಟದಲ್ಲಿ ಕೆಂಪು ಶರಬತ್ತು ಬಂತು. ಕುಡಿದರು. ತಳದಲ್ಲಿ ನಿಂತಿದ್ದ ಪಾಕವನ್ನು ಚಮಚದಲ್ಲಿ ತೆಗೆದು ಅದನ್ನೂ ತಿಂದರು.

ನಾನು ಎದುರಿಗೆ ಹೋಗಿ ನಿಂತೆ. "ಭಾವ, ಇದೆಂತ?"

"ಫ್ರಿಜ್ಜಿನ ಬಾಡಿಗಿ, ಮರಾಯ. ಅವ ದುಡ್ಡ್ ಕೇಂತಿಲ್ಲ. ನಾ ಯಾಪಾರನೂ ಕೊಡ್ದಿರೆ ಹ್ಯಾಂಗ್?"

"ಬರೀ ಸೋಡಾ ಕುಡಿಯೂಕ್ ಆಗ್ದಾ?"

"ಸೋಡದಾಗ್ ಅವ್ನಿಗ್ ಎಂತ ಸಿಕ್ಕತ್ತ್?"

ನೋಡಿ. ಔಷಧಿ ಇಡಲು ಶರಬತ್ತು, ಶರಬತ್ತಿಗಾಗಿ ಇನ್ನಷ್ಟು ಔಷಧಿ, ಅದನ್ನು ಇಟ್ಟದ್ದಕ್ಕೆ ನಾಳೆ ಮತ್ತೆ ಶರಬತ್ತು. ಡೋಸ್ ಮೂರು ಸಲ ಏರಿದ್ದು ಕಾಯಿಲೆಗಲ್ಲ, ದಾಕ್ಷಿಣ್ಯಕ್ಕೆ.

ನಾನು ಅಕ್ಕನಿಗೆ ಹೇಳಿಬಿಟ್ಟೆ. (ಇದೇ ನಾನು ಮಾಡಿದ ತಪ್ಪು.)

"ಇನ್ನೊಂದ್ ಗುಟ್ಕ್ ಶರ್ಬತ್ ಕುಡ್ದ್ರೆ ನಾ ತಾಯಿ ಮನಿಗ್ ಹೋತೆ" ಎಂದಳು ಅಕ್ಕ. ಭಾವ ಒಪ್ಪಿದರು. ಅಕ್ಕನಿಗೆ ಸಮಾಧಾನವಾಯಿತು. ನನಗೆ ಹೆಮ್ಮೆಯಾಯಿತು. ಡಾಕ್ಟರಿಗೆ ಮಾತ್ರ ಯಾರೂ ಹೇಳಲಿಲ್ಲ. ಶರಬತ್ತು ನಿಂತಿತು, ಶರಬತ್ತಿನ ಲೆಕ್ಕದಲ್ಲಿ ಏರಿಸಿದ ಡೋಸ್ ಹಾಗೆಯೇ ಉಳಿಯಿತು.

ಮರುದಿನವೇ ಆ ಮಂಗಳವಾರ. ನಾವಿಬ್ಬರೂ ಬೈಂದೂರಿಗೆ ಹೊರಟಿದ್ದೆವು. ಭಾವ ಚುಚ್ಚಿಕೊಂಡರು, ಬರೀ ಸೋಡಾ ಕುಡಿದರು. ಚಪಾತಿ ಕಟ್ಟಿಕೊಂಡಿದ್ದೆವು, ಬಸ್ಸಿನಲ್ಲಿ ತಿನ್ನೋಣ ಎಂದು. ಬಸ್ಸೇ ಬರಲಿಲ್ಲ. ಒಂದು ಗಂಟೆ ಕಾದೆವು.

ಮೊದಲು ಅವರ ಹಣೆ ಬೆವರಿತು. ಆಮೇಲೆ ಕೈಯಲ್ಲಿದ್ದ ಕೊಡೆ ನಡುಗಿತು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ನಿಮ್ಗ್ ಯಾವೂರಾಯ್ತ್?"

ನಾನು ಅವರ ಹೆಂಡತಿಯ ತಮ್ಮ. ಹದಿನಾರು ವರ್ಷದಿಂದ.

ಭಾವ ಕಾಲು ಮಡಚಿ ನೆಲಕ್ಕೆ ಕೂತರು. ನಾನು ಚಪಾತಿಯ ಕಟ್ಟು ಹಿಡಿದು ನಿಂತೇ ಇದ್ದೆ. ರಸ್ತೆ ದಾಟಿ ಓಡಿ ಬಂದವನು ಮಂಜಣ್ಣ, ಕೈಯಲ್ಲಿ ಕೆಂಪು ಶರಬತ್ತು. ಅವನಿಗೇನೂ ವೈದ್ಯ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರು ಕುಸಿದರೂ ಶರಬತ್ತು ಕೊಡುವುದು ಅವನ ಪದ್ಧತಿ.

ಭಾವ ಹಲ್ಲು ಕಚ್ಚಿಕೊಂಡರು. "ಬ್ಯಾಡ. ಅವ್ಳ್ ತಾಯಿ ಮನಿಗ್ ಹೋತ್ಲ್."

"ಹ್ವಾಯ್ ಶೆಟ್ರೆ, ನೀವೇ ಹೋಪುಕ್ ಹೊರ್ಟಿದ್ರಿ ಈಗ. ಬಾಯ್ ತೆಗಿನಿ" ಎಂದ ಮಂಜಣ್ಣ.

ಎರಡು ಲೋಟ ಕುಡಿಸಿದ. ಹತ್ತು ನಿಮಿಷಕ್ಕೆ ಭಾವನ ಕಣ್ಣು ಸರಿಯಾಯಿತು. ನನ್ನನ್ನು ಗುರುತಿಸಿದರು. "ಒಂದೇ ಲೋಟ ಸಾಕಿತ್ತ್. ಎರಡ್ನೇದ್ ಯಾರ್ ಹೇಳದ್ದ್?" ಎಂದು ಕೇಳಿದರು. ಆಗ ನನಗೆ ಧೈರ್ಯ ಬಂತು. ಭಾವ ಪೂರ್ತಿ ಮರಳಿದ್ದರು.

ಬೈಂದೂರು ಬಿಟ್ಟು ಡಾಕ್ಟರ ಹತ್ತಿರ ಹೋದೆವು. ಅವರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಫ್ರಿಜ್ಜೇ ಆಯ್ಕ್ ಅಂದದ್ದ್ ಯಾರ್? ಮಣ್ಣಿನ ಮಡ್ಕಿಯಾಗ್ ಒದ್ದಿ ಹೊಯ್ಗಿ ಹಾಕಿ ಅದ್ರಾಗ್ ಇಟ್ರೂ ಆತ್ತ್" ಎಂದರು. ಒದ್ದೆ ಮರಳಿನ ಮಡಕೆ. ನಮ್ಮೂರಲ್ಲಿ ಮರಳಿಗೆ ಬರಗಾಲವೇ?

ಡೋಸ್ ಮೊದಲಿನ ಅಳತೆಗೆ ಇಳಿಯಿತು. ಬಾಟ್ಲಿ ಮನೆಯ ಮಡಕೆ ಸೇರಿತು. ನಿನ್ನೆ ನಳಿಗೆ ನೀಲಿಯಾಗೇ ಉಳಿಯಿತು; ಅಕ್ಕ ನನ್ನನ್ನೂ ಕರೆದು ತೋರಿಸಿದಳು.

ಆದರೆ ಜೀವ ಉಳಿಸಿದ ಮಂಜಣ್ಣನ ಫ್ರಿಜ್ಜಿನಿಂದ ಬಾಟ್ಲಿ ಎತ್ತಿಕೊಂಡು ಬಂದರೆ ಅವನಿಗೆ ಬೇಸರವಾಗದೇ? ಆಗುತ್ತದೆ ಎಂದು ಭಾವ ಅಲ್ಲಿ ಹಳೆಯ ಖಾಲಿ ಬಾಟ್ಲಿಗೆ ನೀರು ತುಂಬಿಸಿ ಇಟ್ಟು ಬಂದಿದ್ದಾರೆ. ಮೊನ್ನೆ ಕರೆಂಟು ಹೋದಾಗ ಮಂಜಣ್ಣ ತನ್ನ ಕೈಯಿಂದಲೇ ದುಡ್ಡು ಹಾಕಿ ಐಸ್ ತರಿಸಿ ಅದನ್ನು ಕಾಪಾಡಿದನಂತೆ.

ಅವನಿಗೆ ನಿಜ ಹೇಳುವವರು ಯಾರು? ನಾನಂತೂ ಒಮ್ಮೆ ಅಕ್ಕನಿಗೆ ಹೇಳಿ ನೋಡಿದ್ದೇನೆ.