ವಾರಗಿತ್ತಿ ಹಾಕಿದ ಕಚ್ಚಾ ಹೊಲಿಗೆ

ಅತ್ತೆ ನನ್ನ ಕೈಯಿಂದ ಸೂಜಿ ಕಿತ್ತು, ಪಾವಗಡದಿಂದ ಹೊಸದಾಗಿ ಬಂದಿದ್ದ ವಾರಗಿತ್ತಿಗೆ ಕೊಟ್ಟರು. ನನ್ನ ಚೊಚ್ಚಲ ಮಗುವಿಗೆಂದು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ನಾನೇ ಕೌದಿ ಹೊಲಿಯುತ್ತಿದ್ದೆ. ಅಂಚಿನಿಂದ ಶುರು ಮಾಡಿದ್ದಕ್ಕೆ ನಡುವೆ ಬಟ್ಟೆ ಉಬ್ಬಿಕೊಂಡಿತ್ತು.

ಅವಳು ಎಲ್ಲ ಬಿಚ್ಚಿ, ಅಂಗೈಯಲ್ಲಿ ಸವರಿ, ಪದರ ಜರುಗದಂತೆ ನಡುವಿನಿಂದ ಅಂಚಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದಳು. ಒಂದು ಸುಕ್ಕಿಲ್ಲ. ನನಗೆ ಹೊಟ್ಟೆ ಉರಿಯಿತು.

“ಸಣ್ಣ ಹೊಲಿಗೆ ನೀನೇ ಹಾಕು ಅಕ್ಕಯ್ಯ. ಆಮೇಲೆ ನನ್ ದಾರ ಕಿತ್ತಾಕ್ಬುಡು,” ಅಂದಳು.

“ಕೀಳ್ದೆ ಮಡಿಕ್ಕಂತೀನಾ?” ಅಂದೆ.

ಹೊಲಿದು ಮುಗಿಸಿ ಅವಳ ದಾರವನ್ನು ಒಂದೆಳೆ ಬಿಡದೆ ಕಿತ್ತೆಸೆದೆ. ಆದರೂ ಕೌದಿ ಸಮನಾಗಿಯೇ ಉಳಿಯಿತು. ಅದಕ್ಕೆ ಇನ್ನಷ್ಟು ಉರಿದುಕೊಂಡೆ.

ಈಗ ಮೊಮ್ಮಕ್ಕಳ ಕೌದಿಯನ್ನೂ ನಡುವಿನಿಂದಲೇ ಹೊಲಿಯುತ್ತೇನೆ. ಯಾರು ಕಲಿಸಿದ್ದೆಂದು ಸೊಸೆ ಕೇಳಿದರೆ ಅತ್ತೆಯ ಹೆಸರು ಹೇಳುತ್ತೇನೆ.