ತೀರ್ಪುಗಳಿಗೆ ಹಬ್ಬ ಮಾಡುತ್ತಿದ್ದ ಟೀಚರು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ತುಸು ಹಳದಿ. ಕಿತ್ತಳೆ ಸುಲಿದೂ ಸುಲಿದೂ ಹಿಡಿದ ಬಣ್ಣ ಅದು. ಉಗುರನ್ನು ತೊಟ್ಟಿನ ಹತ್ತಿರ ಒತ್ತಿ, ಸಿಪ್ಪೆ ಎಲ್ಲೂ ಹರಿಯದಂತೆ ಒಂದೇ ಎಳೆಯಾಗಿ ಬಿಡಿಸಿ, ಅದನ್ನು ಹಾವಿನ ಹಾಗೆ ಸುತ್ತಿ ನನ್ನ ಮಗಳ ಅಂಗೈಗೆ ಇಡುವರು. ಹಣ್ಣಿಗಿಂತ ಆ ಸಿಪ್ಪೆಯ ಮೇಲೆಯೇ ಅವಳ ಕಣ್ಣು.

ಸ್ಯಾನ್ ಮಟಿಯೋದ ಆ ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆ ನಮ್ಮದು, ಕೆಳಗಿನದು ಅವರದು. ಹಾಂಗ್‌ಕಾಂಗಿನಲ್ಲಿ ಹುಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಬೆಳೆದು, ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ನಮಗೆ ಅವರು ಕೆಳಮನೆ ಟೀಚರು. ನನ್ನ ಅತ್ತೆಗೆ ಮಾತ್ರ ‘ಆ ಅಕ್ಕ’. ಇವರಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು. ಆದರೂ ಮೆಟ್ಟಿಲ ಮೇಲೆ ಕೂತು ಇಬ್ಬರೂ ಬೀನ್ಸ್ ಮುರಿಯುತ್ತಿದ್ದರು.

ನಮ್ಮ ಪಂಚಾಂಗದಲ್ಲಿ ಏಕಾದಶಿ, ಸಂಕಷ್ಟಿ ಇರುವ ಹಾಗೆ ಟೀಚರ ಕ್ಯಾಲೆಂಡರಿನಲ್ಲಿ ಕೋರ್ಟಿನ ತೀರ್ಪುಗಳಿದ್ದವು, ಆ ದಿನ ಬಂದರೆ ಕೇಕು. ಅಪ್ಪ ಅಮ್ಮ ಯಾವ ದೇಶದವರಾದರೂ ಈ ನೆಲದಲ್ಲಿ ಹುಟ್ಟಿದ ಮಗು ಈ ದೇಶದ್ದೇ ಎಂದು ದೇಶದ ಅತಿ ದೊಡ್ಡ ಕೋರ್ಟು ಹೇಳಿದ್ದು ಮಾರ್ಚಿನಲ್ಲಿ. ಕರಿಯ ಮಕ್ಕಳಿಗೊಂದು ಶಾಲೆ, ಬಿಳಿಯ ಮಕ್ಕಳಿಗೊಂದು ಶಾಲೆ ಎಂಬುದು ಸಲ್ಲದು ಎಂದದ್ದು ಮೇ ತಿಂಗಳಲ್ಲಿ. ಮೈಬಣ್ಣ ಬೇರೆಯೆಂದು ಮದುವೆ ತಡೆಯುವಂತಿಲ್ಲ ಎಂದದ್ದು ಜೂನಿನಲ್ಲಿ. ತೀರಿಹೋದ ಅವರ ಗಂಡ ಬಿಳಿಯರು. ಹಾಗಾಗಿ ಜೂನಿನ ಹಬ್ಬಕ್ಕೆ ಕೇಕು ಕೊಂಚ ದೊಡ್ಡದೇ.

ಕೇಕಿನ ತಟ್ಟೆ ಮೇಲಿನ ನಮ್ಮ ಮನೆಗೆ ಬಂದಾಗಲೆಲ್ಲ ಅತ್ತೆ ಕೇಳುವರು, “ಎಂತ ಮಾರಾಯ್ತಿ, ಇವತ್ತು ಅವರಿಗೆ ಯಾವ ದೇವರ ಹಬ್ಬ?”

“ದೇವರದ್ದಲ್ಲ ಅತ್ತೆ, ಕೋರ್ಟಿನದ್ದು.”

“ಕೋರ್ಟಿಗೆ ಹೋದವರು ನಮ್ಮಲ್ಲಿ ಅಳ್ತಾ ಬರುದು. ಇವರದ್ದು ಎಂತ, ಕೇಕು ತಿಂತಾರೆ!”

ಡಿಸೆಂಬರಿನಲ್ಲಿ ಒಂದು ದಿನ ಮಾತ್ರ ಸಿಹಿ ಇಲ್ಲ. ಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಮನೆ ಬಿಡಿಸಿ ಓಡಿಸಿದ್ದನ್ನು ಇದೇ ಕೋರ್ಟು ಸರಿ ಎಂದುಬಿಟ್ಟ ದಿನವಂತೆ. ಅಂದು ಟೀಚರಿಗೆ ಬರಿಯ ಗಂಜಿ. “ಕೋರ್ಟಿನಲ್ಲಿ ಕೂತವರೂ ಮನುಷ್ಯರೇ, ಹೆದರ್ತಾರೆ. ಅದನ್ನೂ ನೆನಪಿಟ್ಕೋಬೇಕು” ಎನ್ನುವರು. ಗಂಜಿ ಎಂದದ್ದೇ ತಡ, ಅತ್ತೆ ಮಿಡಿ ಉಪ್ಪಿನಕಾಯಿ ಕೊಟ್ಟು ನನ್ನನ್ನು ಕೆಳಗೆ ಅಟ್ಟಿದರು. ಆ ವ್ರತ ಸ್ವಲ್ಪ ಕೆಟ್ಟಿತು ಅನಿಸುತ್ತದೆ, ಟೀಚರು ಎರಡನೆಯ ಸಲ ಬಡಿಸಿಕೊಂಡರು.

ಮಗಳು ಕಿಂಡರ್‌ಗಾರ್ಟನ್‌ಗೆ ಸೇರಿದ ವರ್ಷ ಶಾಲೆಯಿಂದ ಕರೆ ಬಂತು. ಅವಳ ಕ್ಲಾಸಿನ ಟೀಚರ್ ಚಿಕ್ಕ ಪ್ರಾಯದ ಹುಡುಗಿ, ಬಹಳ ಮೃದು. ಮಗು ಶಬ್ದಗಳನ್ನು ಎರಡೆರಡು ಸಲ ಹೇಳುತ್ತಾಳೆ, ತೊದಲಿನ ಲಕ್ಷಣ ಇರಬಹುದು, ಮಾತು ಕಷ್ಟವಿರುವ ಮಕ್ಕಳ ಬೇರೆ ಕ್ಲಾಸಿಗೆ ಕಳಿಸುವ ಯೋಚನೆ ಇದೆ ಎಂದಳು. ಅಲ್ಲಿಯವರೆಗೆ ಮನೆಯಲ್ಲಿ ಇಂಗ್ಲಿಷು ಮಾತ್ರ ಆಡಿದರೆ ಒಳ್ಳೆಯದು ಎಂದೂ ಸೇರಿಸಿದಳು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕ್ಲಾಸಿನೊಳಗೆ ಕನ್ನಡವೋ ತುಳುವೋ ಬಾಯಿಂದ ಬಿದ್ದರೆ ಸಿಸ್ಟರ್ ಬರಿದೇ ಕನ್ನಡಕ ತೆಗೆದು ನೋಡುವರು, ಅಷ್ಟು ಸಾಕಿತ್ತು. ಟೀಚರ್ ಎಂದವರು ಹೇಳಿದ ಮೇಲೆ ಮುಗಿಯಿತು ನನಗೆ. ಅಂದಿನಿಂದಲೇ ಮನೆಯಲ್ಲಿ ಇಂಗ್ಲಿಷು. ಅತ್ತೆ ಮೊಮ್ಮಗಳಿಗೆ ಅನ್ನ ಕಲಸಿ ಕೊಡುವರು, ತಲೆ ಬಾಚುವರು, ಎಲ್ಲ ಮೂಕಿಯಂತೆ. ಒಂದು ಮಧ್ಯಾಹ್ನ ನನ್ನ ಮುಖ ನೋಡದೆ ಕೇಳಿದರು: “ನಾನು ಊರಿಗೆ ಹೋಗಿ ಇರ್ಲಾ? ನನ್ನ ಬಾಯಿಯಿಂದ ಮಗುವಿಗೆ ತೊಂದರೆ ಆಗುದು ಬೇಡ.”

ಆ ವಾರವೇ ಕೆಳಮನೆ ಟೀಚರು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. “ನಿಮ್ಮ ಮನೆಗೆ ಹೊಸ ಕಾರ್ಪೆಟ್ ಹಾಕಿಸಿದ್ರಾ? ಮೇಲಿಂದ ಸದ್ದೇ ಇಲ್ಲ.”

ವಿಷಯ ಹೇಳಿದೆ. ಅವರು ಮಗಳನ್ನು ಒಳಗೆ ಕರೆದು ಕಿತ್ತಳೆ ಹಿಡಿದರು. “ಹೇಗೆ ಕೊಡಲಿ?”

“ಸ್ಮಾಲ್ ಸ್ಮಾಲ್ ಪೀಸಸ್, ಪ್ಲೀಸ್” ಎಂದಳು ಮಗಳು.

“ಸ್ಮಾಲ್ ಸ್ಮಾಲ್ ಯಾಕೆ?” ಎಂದು ಅವರು ನನ್ನತ್ತ ತಿರುಗಿದರು.

“ನಮ್ಮಲ್ಲಿ ಹಾಗೆ ಹೇಳುದು. ಸಣ್ಣ ಸಣ್ಣ ತುಂಡು, ಬಿಸಿ ಬಿಸಿ ಹಾಲು, ಮೆಲ್ಲ ಮೆಲ್ಲ...” ಎನ್ನುತ್ತಿದ್ದವಳು ಅಲ್ಲಿಗೇ ನಿಂತೆ.

ಟೀಚರು ನಕ್ಕ ನಗುವಿಗೆ ಕಿತ್ತಳೆ ಕೈಜಾರಿತು. “ಮಾನ್ ಮಾನ್! ನಮ್ಮಮ್ಮ ಚೀನೀಲಿ ದಿನಾ ಹೇಳೋರು, ಮಾನ್ ಮಾನ್ ತಿನ್ನು ಅಂತ. ಮೆಲ್ಲ ಮೆಲ್ಲ! ಇದು ತೊದಲಲ್ಲ, ಇದು ವ್ಯಾಕರಣ!”

ನಗು ಇಳಿದ ಮೇಲೆ ತಮ್ಮ ಕಥೆ ಹೇಳಿದರು. ಚಿಕ್ಕವರಿದ್ದಾಗ ಇಂಗ್ಲಿಷಿನ ಒಂದಕ್ಷರ ಬಾರದೆ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಯಾರೂ ಬೈಯಲಿಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ. “ನಾನು ಬಹಳ ಜಾಣೆ, ಅದಕ್ಕೇ ಬೈಯಲ್ಲ ಅಂದ್ಕೊಂಡಿದ್ದೆ.” ಆಮೇಲೆ ಅಂಥ ಮಕ್ಕಳ ಮನೆಯವರು ಕೋರ್ಟಿಗೆ ಹೋದರು. ಪಾಠ ಅರ್ಥವೇ ಆಗದ ಮಗುವಿಗೆ ಅದೇ ಪುಸ್ತಕ, ಅದೇ ಬೆಂಚು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂದು ತೀರ್ಪು ಬಂತು. ಇವರ ಕ್ಲಾಸಿಗೆ ಚೀನೀ ಭಾಷೆ ಬಲ್ಲ ಟೀಚರೊಬ್ಬರು ಬಂದರು. “ಅವರು ಮೊದಲು ಕೇಳಿದ್ದು, ಊಟ ಆಯ್ತಾ ಅಂತ. ನಾನು ಅತ್ತುಬಿಟ್ಟೆ.”

“ನೀವೇ ಬಂದು ಶಾಲೆಯಲ್ಲಿ ಹೇಳಿ” ಎಂದು ಕೇಳಿಕೊಂಡೆ.

“ಬರ್ತೀನಿ. ಪಕ್ಕದಲ್ಲಿ ಕೂತಿರ್ತೀನಿ. ಮಾತಾಡೋದು ನೀವು. ಜಡ್ಜುಗಳು ತಾವಾಗಿ ಎದ್ದು ಯಾರ ಮನೆಗೂ ಬರಲ್ಲ. ಯಾವುದೋ ತಾಯಿ ಮೊದಲು ಹೋಗಿ ಕೇಳಿರ್ತಾಳೆ.”

ಮೀಟಿಂಗಿಗೆ ಅವರು ನೀಲಿ ಕೋಟು ತೊಟ್ಟು ಬಂದರು. ಅತ್ತೆಯೂ ರೇಷ್ಮೆ ಸೀರೆ ಉಟ್ಟು ಹೊರಟರು, “ನನ್ನದೇ ಬಾಯಿಯ ವಿಚಾರಣೆ, ನಾನಿಲ್ಲದೆ ಹೇಗೆ?” ಎಂದು. ನಾನೇ ಹೇಳಿದೆ. ನಮ್ಮ ಮಾತಿನಲ್ಲಿ ಶಬ್ದಗಳು ಜೋಡಿಯಾಗಿ ಬರುತ್ತವೆ, ಮಗು ಅದನ್ನೇ ಇಂಗ್ಲಿಷಿಗೆ ತಂದಿದ್ದಾಳೆ, ಪರೀಕ್ಷಿಸುವುದಾದರೆ ಕನ್ನಡದಲ್ಲೂ ಪರೀಕ್ಷಿಸಿ. ಅತ್ತೆ ಸಾಕ್ಷಿ ನುಡಿಯುವಂತೆ “ಬಿಸಿ ಬಿಸಿ ಉಂಟು, ಮೆಲ್ಲ ಮೆಲ್ಲ ತಿನ್ನು” ಎಂದು ಗಟ್ಟಿಯಾಗಿ ಹೇಳಿ ತೋರಿಸಿದರು. ಕ್ಲಾಸಿನ ಟೀಚರ್ ಹುಡುಗಿ ಕೆಂಪಾದಳು, ಎಲ್ಲ ಬರೆದುಕೊಂಡಳು, ಹಾಗೆಯೇ ಮಾಡುತ್ತೇವೆ ಎಂದಳು. ಬಾಗಿಲವರೆಗೆ ಬಂದು ಮಗಳಿಗೆ ಕೈಬೀಸಿ “ಬೈ ಬೈ!” ಎಂದವಳು, ಥಟ್ಟನೆ ಬಾಯಿ ಮುಚ್ಚಿಕೊಂಡು ನಕ್ಕಳು.

ಎರಡೂ ಭಾಷೆಗಳಲ್ಲಿ ಪರೀಕ್ಷೆ ಆಯಿತು. ಮಗಳು ತನ್ನ ಕ್ಲಾಸಿನಲ್ಲೇ ಉಳಿದಳು. ನಮ್ಮ ಮನೆಯಲ್ಲಿ ಮತ್ತೆ ಗದ್ದಲವೆದ್ದಿತು. ಅತ್ತೆ ಊರಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಟೀಚರು ತೀರಿಕೊಂಡರು. ಅವರ ಹಳೆಯ ವಿದ್ಯಾರ್ಥಿಗಳು ಒಂದು ಸಭಾಂಗಣದಲ್ಲಿ ಸೇರಿ ಅವರನ್ನು ನೆನೆದರು. ಎಲ್ಲರ ಮಾತು ಮುಗಿಯುತ್ತಿದ್ದಾಗ, ನಾನು ನೋಡುತ್ತಿದ್ದಂತೆಯೇ ಅತ್ತೆ ಎದ್ದು ಮೈಕಿನ ಮುಂದೆ ಹೋಗಿ ನಿಂತರು. ನಾನು ಏಳುವುದರೊಳಗೆ ಮಗಳು ಓಡಿಹೋಗಿ ಪಕ್ಕದಲ್ಲಿ ನಿಂತಾಗಿತ್ತು. ಈಗ ಉದ್ದವಾಗಿದ್ದಾಳೆ, ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು.

“ಈ ಊರಲ್ಲಿ ನನಗೆ ಮಾತಾಡ್ಲಿಕ್ಕೆ ಇದ್ದದ್ದು ಈ ಮಗು ಒಂದೇ” ಎಂದರು ಅತ್ತೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

“ಅದೂ ತಪ್ಪಿ ಹೋಗ್ತಿತ್ತು. ಅಕ್ಕ ಬಿಡ್ಲಿಲ್ಲ.”

ಮಗಳು ಅಜ್ಜಿಯತ್ತ ತಿರುಗಿದಳು. ಮೈಕು ಎದುರಿಗಿರುವುದನ್ನು ಮರೆತು ಕನ್ನಡದಲ್ಲೇ ಕೇಳಿದಳು: “ಅಜ್ಜಿ, ಅಕ್ಕ ಅಂದ್ರೆ ಸಿಸ್ಟರ್ ಅಲ್ವಾ? ಹಾಗೇ ಹೇಳ್ಲಾ?”

“ಹೌದು ಮಗಾ. ಹಾಗೇ ಹೇಳು.”

ಅವಳು ಜನರ ಕಡೆ ತಿರುಗಿ ಹಾಗೇ ಹೇಳಿದಳು.